ಒಂದೊಂದೇ ಕೋಶವನ್ನು ನೋಡುವುದು

ಎಲ್ಲರಿಗೂ ನಮಸ್ಕಾರ. ಕೋಶಗಳ ಮೇಲೆ ರಾಸಾಯನಿಕಗಳನ್ನು ಪರೀಕ್ಷಿಸುವ ನಮ್ಮ ಕೆಲಸವನ್ನು ದಾವಣಗೆರೆಯಲ್ಲಿ ನಿಂತು ಹೇಳಲು ಪಡ್ಡಿನ ಹಂಚೇ ಸಾಕು. ನಮ್ಮ ಪ್ರಯೋಗದ ಪ್ಲೇಟ್ ನೋಡಲು ಹಾಗೇ ಇರುತ್ತದೆ. ಅಂಗೈಯಲ್ಲಿ ಹಿಡಿಯುವಷ್ಟು ಪ್ಲಾಸ್ಟಿಕ್ ತಟ್ಟೆ. ಅದರಲ್ಲಿ 16 ಸಾಲು, ಸಾಲಿಗೆ 24 ಗುಳಿ, ಒಟ್ಟು 384. ಪ್ರತಿ ಗುಳಿಯಲ್ಲೂ ಸ್ಟೆಮ್ ಸೆಲ್‌ಗಳು, ಅಂದರೆ ಬೇರೆ ಬೇರೆ ಬಗೆಯ ಕೋಶಗಳಾಗಬಲ್ಲ ಆಕರಕೋಶಗಳು. ಒಂದೊಂದು ಗುಳಿಗೆ ಒಂದೊಂದು ರಾಸಾಯನಿಕ. ಹನಿ ಹಾಕುವುದು ರೋಬೋಟ್. ಫೋಟೋ ತೆಗೆಯುವುದು ತಾನಾಗಿಯೇ ಓಡುವ ಮೈಕ್ರೋಸ್ಕೋಪ್.

2006ರಲ್ಲಿ ಜಪಾನಿನ ಶಿನ್ಯಾ ಯಮನಾಕಾ ಮತ್ತು ಕಝುತೋಶಿ ತಕಹಾಶಿ ಇಲಿಯ ಸಾಮಾನ್ಯ ಕೋಶಗಳಿಗೆ ನಾಲ್ಕು ಜೀನ್ ಸೇರಿಸಿ ಅವನ್ನು ಆಕರಕೋಶದಂತೆ ಮಾಡಿದರು. ಮರುವರ್ಷ ಮನುಷ್ಯನ ಚರ್ಮದ ಕೋಶದಲ್ಲೂ ಅದು ಸಾಧ್ಯವಾಯಿತು. ಇಂಥ ಕೋಶ ಮುಂದೆ ಹೃದಯದ ಕೋಶವೂ ಆಗಬಹುದು, ನರಕೋಶವೂ ಆಗಬಹುದು. ಯಾವ ರಾಸಾಯನಿಕ ಅದನ್ನು ಯಾವ ದಾರಿಗೆ ತಿರುಗಿಸುತ್ತದೆ? ಅದನ್ನೇ ನಾವು ಹುಡುಕುವುದು.

ಅದಕ್ಕೆ ಫೋಟೋ ಯಾಕೆ ಬೇಕು? ಗುಳಿಯ ಒಟ್ಟು ಹೊಳಪನ್ನು ಅಳೆದು ಒಂದು ಅಂಕಿ ಬರೆದುಕೊಂಡರೆ ಕೆಲಸ ಬೇಗ ಮುಗಿಯುತ್ತದೆ ಅಲ್ವಾ? ಆದರೆ ನೋಡಿ. ಆಕರಕೋಶದ ಗುರುತಾದ ಆಕ್ಟ್-4 ಎಂಬ ಪ್ರೋಟೀನಿಗೆ ಹೊಳೆಯುವ ಬಣ್ಣ ಹಚ್ಚಿದ್ದೇವೆ. ಒಂದು ಗುಳಿಯಲ್ಲಿ ಎಲ್ಲ ಕೋಶಗಳೂ ಸಾಧಾರಣವಾಗಿ ಹೊಳೆಯುತ್ತವೆ. ಇನ್ನೊಂದರಲ್ಲಿ ಅರ್ಧದಷ್ಟು ಕೋಶಗಳು ಜಾಸ್ತಿ ಹೊಳೆಯುತ್ತವೆ, ಇನ್ನರ್ಧ ಆರಿಹೋಗಿವೆ. ಒಟ್ಟು ಅಂಕಿ ಎರಡರದ್ದೂ ಒಂದೇ! ಅರ್ಧ ಕೋಶಗಳು ಬೇರೆ ದಾರಿ ಹಿಡಿದದ್ದು ಆ ಅಂಕಿಯಲ್ಲಿ ಕಾಣುವುದೇ ಇಲ್ಲ. ಮೀಟರ್ ತೇವಾಂಶ ಹೇಳಿದ ಮೇಲೂ ಮೆಕ್ಕೆಜೋಳವನ್ನು ಅಂಗೈಯಲ್ಲಿ ಹರವಿ ನೋಡುತ್ತೇವೆ. ಬೂಷ್ಟು ಹಿಡಿದ ಕಾಳು ಕಣ್ಣಿಗೇ ಸಿಗಬೇಕು.

ಮತ್ತೆ ಹಂಚಿಗೆ ಬರೋಣ. ನಡುವಿನ ಪಡ್ಡು ಬೇಗ ಕೆಂಪಾಗುತ್ತದೆ, ಅಂಚಿನದು ತಡ. ಹಿಟ್ಟು ಒಂದೇ, ಗುಳಿಯ ಜಾಗ ಬೇರೆ. ಪ್ಲೇಟಿನಲ್ಲೂ ಅಂಚಿನ ಗುಳಿಗಳ ನೀರು ಬೇಗ ಆರುತ್ತದೆ. ಉಪ್ಪಿನ ಅಂಶ ಏರಿ ಕೋಶಗಳ ನಡವಳಿಕೆಯೇ ಬದಲಾಗುತ್ತದೆ. ನಾವು ಅದನ್ನು ರಾಸಾಯನಿಕದ ಗುಣ ಎಂದು ತಿಳಿದುಬಿಡುತ್ತೇವೆ. ನನಗೂ ಒಮ್ಮೆ ಹೀಗಾಗಿ, ಮೂರು ವಾರದ ಕೆಲಸ ಬಿಡಬೇಕಾಯಿತು. ಆಗ ಬಹಳ ನೋವಾಗಿತ್ತು. ಈಗ ಅಂಚಿನ 76 ಗುಳಿಗಳಲ್ಲಿ ಪರೀಕ್ಷೆ ಮಾಡುವುದಿಲ್ಲ, ಸುಮ್ನೆ ದ್ರವ ತುಂಬಿಸಿ ಬಿಡುತ್ತೇನೆ. ರೋಬೋಟಿನ ವೇಗಕ್ಕಿಂತ ಈ ಎಚ್ಚರ ದೊಡ್ಡದು ಎಂದು ನಾನು ನಂಬಿದ್ದೇನೆ.

ಗುಳಿಗೆ 9 ಜಾಗ, ಪ್ರತಿ ಜಾಗಕ್ಕೂ 4 ಬಣ್ಣದಲ್ಲಿ ಒಂದೊಂದು ಫೋಟೋ ಎಂದರೆ, ಪೂರ್ತಿ ಪ್ಲೇಟಿಗೆ 13,824 ಫೋಟೋ. ಕಣ್ಣಿಂದ ನೋಡಿ ಮುಗಿಸಲು ಆಗದು. ಅಮೆರಿಕದ ಬ್ರಾಡ್ ಇನ್‌ಸ್ಟಿಟ್ಯೂಟಿನ ಸೆಲ್‌ಪ್ರೊಫೈಲರ್ ಎಂಬ ಸಾಫ್ಟ್‌ವೇರ್ ಫೋಟೋಗಳಲ್ಲಿನ ಕೋಶಗಳನ್ನು ಗುರುತಿಸಿ ಎಣಿಸುತ್ತದೆ. ಅದು ಉಚಿತ, ಸಾಧಾರಣ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಆದರೆ ಆಕರಕೋಶಗಳು ಒತ್ತೊತ್ತಾಗಿ ಗುಂಪಿನಲ್ಲಿ ಬೆಳೆಯುತ್ತವೆ. ಅಂಟಿಕೊಂಡ ಎರಡು ಕೋಶವನ್ನು ಸಾಫ್ಟ್‌ವೇರ್ ಒಂದೇ ಎಂದು ಎಣಿಸುವುದುಂಟು. ಹಾಗಾಗಿ ಮೊದಲು ಕೆಲವು ಚಿತ್ರಗಳನ್ನು ನಾವೇ ಎಣಿಸಿ, ಅದರ ಲೆಕ್ಕದ ಜೊತೆ ತಾಳೆ ನೋಡಬೇಕು.

ಒಂದು ಚಿತ್ರ ಪ್ರಿಂಟ್ ಹಾಕಿಸಿ ತಂದಿದ್ದೇನೆ. ಪೆನ್ಸಿಲ್ ಇರುವವರು ಮುಂದೆ ಬನ್ನಿ, ಎಣಿಸಲು ಶುರು ಮಾಡೋಣ.