ಪ್ಯಾಚ್ ಓದುವವರ ಸಮಯ

ಎಲ್ಲರಿಗೂ ನಮಸ್ಕಾರ.

ಲಿನಕ್ಸ್ ಕರ್ನಲ್‌ಗೆ (ಆಪರೇಟಿಂಗ್ ಸಿಸ್ಟಮ್‌ನ ತಿರುಳಿಗೆ) ಪ್ಯಾಚ್, ಅಂದರೆ ಕೋಡ್ ಬದಲಾವಣೆ, ಕಳಿಸುವುದು ಹೇಗೆ ಅಂತ ಕೇಳಿದರೆ ಮೊದಲು ಸಿಗುವುದು ನಿಯಮಗಳ ಪಟ್ಟಿ. ಟ್ಯಾಬ್ 8 ಅಕ್ಷರದಷ್ಟು ಅಗಲ ಇರಬೇಕು. ಇಮೇಲ್‌ನಲ್ಲಿ ಬರೀ ಪಠ್ಯ ಇರಬೇಕು. ಪ್ಯಾಚನ್ನು ಅಟ್ಯಾಚ್ ಮಾಡಬಾರದು. ಹೊಸಬರಿಗೆ ಇದೆಲ್ಲ ಕಿರಿಕಿರಿ ಅನ್ನಿಸುತ್ತದೆ, ಅಲ್ವಾ? ಆದರೆ ಇವುಗಳಲ್ಲಿ ಬಹುಪಾಲು ನಿಯಮಗಳ ಹಿಂದಿನ ಕಾರಣ ಒಂದೇ. ಕರ್ನಲ್‌ಗೆ ಕೋಡ್ ಬರೆಯುವವರು ತುಂಬಾ ಇದ್ದಾರೆ, ಅದನ್ನು ಓದುವವರು ಕಡಿಮೆ. ಪ್ರತಿ 9-10 ವಾರಕ್ಕೊಂದು ಹೊಸ ಆವೃತ್ತಿ ಬರುತ್ತದೆ. ಒಂದೊಂದರಲ್ಲೂ 10,000ಕ್ಕೂ ಜಾಸ್ತಿ ಕಮಿಟ್‌ಗಳು, ಅಂದರೆ ದಾಖಲಾದ ಬದಲಾವಣೆಗಳು, ಇರುತ್ತವೆ. ಅಷ್ಟನ್ನೂ ಯಾರಾದರೂ ಕೂತು ಓದಬೇಕು. ಇವತ್ತು ನಾನು ಮಾತಾಡುವುದು ಅವರ ಕಡೆಯಿಂದ.

ಒಂದು ಡ್ರೈವರ್, ಅಂದರೆ ಹಾರ್ಡ್‌ವೇರ್ ನಡೆಸುವ ಕೋಡ್, ತೆಗೆದುಕೊಳ್ಳೋಣ. ಸಾಧನ ಸಿಕ್ಕಾಗ ನಡೆಯುವ ಅದರ ಪ್ರೋಬ್ ಫಂಕ್ಷನ್ ಮೊದಲು ಒಂದು ಬಫರ್‌ಗೆ ಮೆಮೊರಿ ಪಡೆಯುತ್ತದೆ, ಆಮೇಲೆ ಕ್ಲಾಕ್ ಚಾಲೂ ಮಾಡುತ್ತದೆ. ಕ್ಲಾಕ್ ಚಾಲೂ ಆಗದಿದ್ದರೆ ಎರರ್ ಕೊಟ್ಟು ಹೊರಗೆ ಬರುತ್ತದೆ, ಪಡೆದ ಮೆಮೊರಿಯನ್ನು ಬಿಡುವುದಿಲ್ಲ. ಇದು ನಿಮ್ಮ ಕಣ್ಣಿಗೆ ಬಿತ್ತು. ಒಂದೆರಡು ಸಾಲು ಬದಲಿಸಿ, "ಮೆಮೊರಿ ಲೀಕ್ ಸರಿಪಡಿಸಿ" ಅಂತ ಬರೆದು ಕಳಿಸಿದಿರಿ. ಕೋಡ್ ಸರಿಯಾಗೇ ಇದೆ. ಆದರೂ ಓದುವವರಿಗೆ ಪ್ರಶ್ನೆಗಳು ಶುರುವಾಗುತ್ತವೆ. ಯಾವ ದಾರಿಯಲ್ಲಿ ಲೀಕ್ ಆಗುತ್ತದೆ? ನಿಜವಾದ ಯಂತ್ರದಲ್ಲಿ ಕಂಡಿತಾ, ಇಲ್ಲ ಕೋಡ್ ಓದುವಾಗ ಗೊತ್ತಾಯಿತಾ? ಯಾವಾಗಿನಿಂದ ಇದೆ? ಇನ್ನೂ ತಿದ್ದುಪಡಿ ಪಡೆಯುತ್ತಿರುವ ಹಳೆಯ ಸ್ಟೇಬಲ್ ಆವೃತ್ತಿಗಳಿಗೂ ಬೇಕಾ? ಈ ಉತ್ತರಗಳು ಕಳಿಸುವ ಹೊತ್ತಿಗೆ ನಿಮ್ಮ ತಲೆಯಲ್ಲೇ ಇದ್ದವು. ಈಗ ಇನ್ನೊಬ್ಬರು ಅದನ್ನೆಲ್ಲ ಮೊದಲಿನಿಂದ ಹುಡುಕಬೇಕು.

ಮೂರು ನಾಲ್ಕು ವಾಕ್ಯ ಬರೆದರೆ ಸಾಕಿತ್ತು. ಕ್ಲಾಕ್ ಚಾಲೂ ಆಗದಿದ್ದಾಗ ಪ್ರೋಬ್ ನೇರ ಹಿಂದಿರುಗುತ್ತದೆ, ಬಫರ್ ಹಾಗೇ ಉಳಿಯುತ್ತದೆ, ಕೋಡ್ ಓದುವಾಗ ಸಿಕ್ಕಿತು, ಹಾರ್ಡ್‌ವೇರ್ ಮೇಲೆ ಪರೀಕ್ಷಿಸಿಲ್ಲ. ಕೊನೆಯ ಮಾತನ್ನು ಮುಚ್ಚಿಡಬೇಡಿ, ಅದು ರಿವ್ಯೂ ಮಾಡುವವರಿಗೆ ತುಂಬಾ ಮುಖ್ಯ. ಕೆಳಗೆ ಒಂದು "ಫಿಕ್ಸಸ್" ಸಾಲು ಹಾಕಿ. ಅದರಲ್ಲಿ ಈ ದೋಷ ತಂದ ಕಮಿಟ್‌ನ ಹ್ಯಾಶ್‌ನ (ಅದರ ಗುರುತಿನ ಸಂಖ್ಯೆಯ) ಮೊದಲ 12 ಅಕ್ಷರ, ಜೊತೆಗೆ ಅದರ ಶೀರ್ಷಿಕೆ ಇರಬೇಕು. ಪ್ಯಾಚ್ ಯಾವ ಹಳೆಯ ಆವೃತ್ತಿಗಳಿಗೆ ಹೋಗಬೇಕು ಅಂತ ನೋಡುವವರಿಗೆ ಈ ಸಾಲೇ ಆಧಾರ.

ಇಷ್ಟು ಮಾಡಿದರೂ "ಇದರ ಬದಲು ಡೆವ್‌ಎಂ ಫಂಕ್ಷನ್‌ಗಳನ್ನು ಬಳಸಿ, ಮೆಮೊರಿ ತಾನಾಗೇ ಬಿಡುಗಡೆ ಆಗುತ್ತೆ" ಅಂತ ಉತ್ತರ ಬರಬಹುದು. ಆಗ ಎರಡನೇ ಆವೃತ್ತಿ ಕಳಿಸಿ, ಶೀರ್ಷಿಕೆಯಲ್ಲಿ ವಿ2 ಅಂತ ಗುರುತು ಹಾಕಿ. ಹಿಂದಿನದಕ್ಕೂ ಇದಕ್ಕೂ ಏನು ವ್ಯತ್ಯಾಸ ಅನ್ನುವುದನ್ನು ವಿವರಣೆ ಮುಗಿದ ಮೇಲೆ ಬರುವ ಮೂರು ಅಡ್ಡಗೆರೆಗಳ ಕೆಳಗೆ ಬರೆಯಿರಿ. ಅಲ್ಲಿ ಬರೆದದ್ದು ರಿವ್ಯೂ ಮಾಡುವವರಿಗೆ ಕಾಣುತ್ತದೆ, ಗಿಟ್ (ಕೋಡ್ ಬದಲಾವಣೆ ದಾಖಲಿಸುವ ತಂತ್ರಾಂಶ) ಇತಿಹಾಸಕ್ಕೆ ಸೇರುವುದಿಲ್ಲ.

ಒಂದು ಪ್ಯಾಚ್‌ನಲ್ಲಿ ಒಂದೇ ಬದಲಾವಣೆ ಇರಲಿ ಅನ್ನುವ ಮಾತು ಕೇಳಿರುತ್ತೀರಿ. ಓದಲು ಸುಲಭ ಅನ್ನುವುದು ಒಂದು ಕಾರಣ. ಇನ್ನೊಂದು ಕಾರಣ ಬೈಸೆಕ್ಟ್. ಹೋದ ಆವೃತ್ತಿಯಲ್ಲಿ ಸರಿಯಿದ್ದದ್ದು ಹೊಸದರಲ್ಲಿ ಕೆಟ್ಟಿದೆ, ನಡುವೆ 10,000 ಕಮಿಟ್ ಇವೆ ಅಂದುಕೊಳ್ಳಿ. ಗಿಟ್ ಬೈಸೆಕ್ಟ್ ಪ್ರತಿ ಸಲ ಅರ್ಧ ಭಾಗ ಬಿಡುತ್ತಾ ಹೋಗುತ್ತದೆ. ಸುಮಾರು 14 ಸಲ ಬಿಲ್ಡ್ ಮಾಡಿ ಬೂಟ್ ಮಾಡಿದರೆ ದೋಷ ತಂದ ಕಮಿಟ್ ಸಿಗುತ್ತದೆ. ನಿಮ್ಮ 5 ಪ್ಯಾಚ್‌ಗಳ ಸರಣಿಯಲ್ಲಿ ಮೂರನೆಯದು ಬಿಲ್ಡ್ ಆಗದಿದ್ದರೆ ಆ ಹುಡುಕಾಟ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಐದನೆಯದರಲ್ಲಿ ಸರಿಹೋಗುತ್ತೆ ಅಂತ ಹೇಳಿದರೆ ಪ್ರಯೋಜನ ಇಲ್ಲ. ಪ್ರತಿ ಪ್ಯಾಚ್ ಆದ ಮೇಲೂ ಕರ್ನಲ್ ಬಿಲ್ಡ್ ಆಗಬೇಕು, ನಡೆಯಬೇಕು.

ಉಳಿದ ತಾಂತ್ರಿಕ ವಿಷಯ ಬೇಗ ಹೇಳಿಬಿಡುತ್ತೇನೆ. ಚೆಕ್‌ಪ್ಯಾಚ್ ಸ್ಕ್ರಿಪ್ಟ್ ಶೈಲಿಯ ತಪ್ಪು ತೋರಿಸುತ್ತದೆ. ಗೆಟ್ ಮೇಂಟೇನರ್ ಸ್ಕ್ರಿಪ್ಟ್ ಯಾರಿಗೆ ಕಳಿಸಬೇಕು ಅಂತ ಹೇಳುತ್ತದೆ. ಕಳಿಸಲು ಗಿಟ್ ಸೆಂಡ್-ಇಮೇಲ್ ಇದೆ. "ಸೈನ್ಡ್-ಆಫ್-ಬೈ" ಸಾಲು ಮಾತ್ರ ಸುಮ್ನೆ ಹಾಕುವಂಥದ್ದಲ್ಲ. ಎಸ್‌ಸಿಒ ಕಂಪನಿ 2003ರಲ್ಲಿ ಲಿನಕ್ಸ್ ಕೋಡ್ ವಿಷಯದಲ್ಲಿ ಐಬಿಎಂ ಮೇಲೆ ಮೊಕದ್ದಮೆ ಹೂಡಿತು. 2004ರಲ್ಲಿ ಈ ಸಾಲು ಜಾರಿಗೆ ಬಂತು. ಈ ಕೋಡ್ ಕೊಡುವ ಹಕ್ಕು ನನಗಿದೆ ಅಂತ ನೀವು ಹೆಸರು ಹಾಕಿ ಹೇಳುತ್ತಿದ್ದೀರಿ.

ಈಗ ನನಗೆ ತುಂಬಾ ಇಷ್ಟವಾದ ಭಾಗ, ರಿವ್ಯೂ. ಒಂದು ಪ್ಯಾಚ್‌ನಲ್ಲಿ ಒಂದೇ ಸಾಲು ಸೇರಿದೆ. ಜಿಎಫ್‌ಪಿ ಕರ್ನಲ್ ಅನ್ನುವ ಫ್ಲ್ಯಾಗ್ ಕೊಟ್ಟು ಮೆಮೊರಿ ಕೇಳುತ್ತದೆ. ನೋಡಲು ಏನೂ ತಪ್ಪಿಲ್ಲ. ಆದರೆ ಈ ಫ್ಲ್ಯಾಗ್ ಕೊಟ್ಟರೆ, ಮೆಮೊರಿ ಸಾಲದಿದ್ದಾಗ ಕರೆದವರು ಸ್ಲೀಪ್‌ಗೆ ಹೋಗಬಹುದು, ಅಂದರೆ ಸಿಪಿಯು ಬಿಟ್ಟು ಕಾಯಬಹುದು. ಈ ಫಂಕ್ಷನ್ನನ್ನು ಇನ್ನೊಂದು ಫೈಲ್‌ನಿಂದ ಕರೆಯುತ್ತಾರೆ, ಅದೂ ಸ್ಪಿನ್‌ಲಾಕ್ (ಬೇರೆಯವರು ಸುತ್ತುತ್ತಾ ಕಾಯುವ ಬೀಗ) ಹಿಡಿದುಕೊಂಡು. ಸ್ಪಿನ್‌ಲಾಕ್ ಹಿಡಿದಾಗ ಸ್ಲೀಪ್ ಮಾಡುವಂತಿಲ್ಲ. ಮಾಡಿದರೆ ಯಂತ್ರವೇ ಸ್ಥಗಿತ ಆಗಬಹುದು. ಡಿಫ್‌ನಲ್ಲಿ, ಅಂದರೆ ಬದಲಾವಣೆ ತೋರಿಸುವ ಪಠ್ಯದಲ್ಲಿ, ಬದಲಾದ ಸಾಲಿನ ಮೇಲೆ 3, ಕೆಳಗೆ 3 ಸಾಲು ಮಾತ್ರ ಕಾಣುತ್ತವೆ. ಲಾಕ್ ಅಲ್ಲಿಲ್ಲ. ಬರೆದವರ ಯಂತ್ರದಲ್ಲಿ ಮೆಮೊರಿ ಧಾರಾಳವಾಗಿತ್ತು, ಹಾಗಾಗಿ ಪರೀಕ್ಷೆಯಲ್ಲೂ ಗೊತ್ತಾಗಲಿಲ್ಲ. ಅಟಾಮಿಕ್ ಸ್ಲೀಪ್ ಡಿಬಗ್ ಆಯ್ಕೆ ಹಾಕಿ ಬಿಲ್ಡ್ ಮಾಡಿದ್ದರೆ ಕರ್ನಲ್ ಎಚ್ಚರಿಸುತ್ತಿತ್ತು.

ಅದಕ್ಕೇ ಪ್ಯಾಚನ್ನು ಡಿಫ್‌ನಲ್ಲಿ ಓದಿ ಬಿಡಬೇಡಿ. ನಿಮ್ಮ ಟ್ರೀಗೆ (ಕರ್ನಲ್ ಕೋಡ್‌ನ ಪ್ರತಿಗೆ) ಹಾಕಿಕೊಳ್ಳಿ, ಫಂಕ್ಷನ್ ಪೂರ್ತಿ ತೆರೆಯಿರಿ, ಅದನ್ನು ಯಾರ್ಯಾರು ಕರೆಯುತ್ತಾರೆ ನೋಡಿ. ಎರರ್ ಬಂದಾಗ ಹೊರಹೋಗುವ ಪ್ರತಿ ದಾರಿಯನ್ನೂ ನಡೆದು ನೋಡಿ. ಸ್ಪೇಸ್, ಟ್ಯಾಬ್‌ಗಳ ಮಾತು ಕೊನೆಗಿರಲಿ. ಮೂಲ ವಿಧಾನವೇ ಬದಲಾಗಬೇಕಿದ್ದರೆ ಅದನ್ನು ಮೊದಲೇ ಹೇಳಿ. ಮೂರು ಸಲ ಶೈಲಿ ತಿದ್ದಿಸಿ ನಾಲ್ಕನೇ ಸಲ "ಈ ದಾರಿಯೇ ಸರಿಯಿಲ್ಲ" ಅನ್ನುವುದು ಅನ್ಯಾಯ. ನಿಮ್ಮ "ರಿವ್ಯೂಡ್-ಬೈ" ಅಂದರೆ ದೋಷ ಇಲ್ಲವೇ ಇಲ್ಲ ಅನ್ನುವ ಗ್ಯಾರಂಟಿ ಅಲ್ಲ. ನಾನು ಗಮನವಿಟ್ಟು ಓದಿದ್ದೇನೆ, ಕಂಡ ಸಮಸ್ಯೆಗಳನ್ನು ಹೇಳಿದ್ದೇನೆ, ನನಗೆ ಗೊತ್ತಿರುವ ಮಟ್ಟಿಗೆ ಇದು ಸೇರಲು ಯೋಗ್ಯ, ಅಷ್ಟೇ.

ಈ ನಂಬಿಕೆ ಕೆಟ್ಟರೆ ಏನಾಗುತ್ತದೆ ಅಂತ 2021ರಲ್ಲಿ ನೋಡಿದೆವು. ಮಿನ್ನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು ರಿವ್ಯೂ ಎಷ್ಟು ಗಟ್ಟಿ ಅಂತ ಪರೀಕ್ಷಿಸಲು ಬೇಕಂತಲೇ ದೋಷವಿರುವ ಪ್ಯಾಚ್‌ಗಳನ್ನು ಕಳಿಸಿದ್ದರು. ವಿಷಯ ದೊಡ್ಡದಾದ ಮೇಲೆ ಆ ವಿಶ್ವವಿದ್ಯಾಲಯದಿಂದ ಹಿಂದೆ ಬಂದಿದ್ದ ಪ್ಯಾಚ್‌ಗಳನ್ನೂ ಮತ್ತೆ ಓದಬೇಕಾಯಿತು. ಒಳ್ಳೆಯ ಮನಸ್ಸಿನಿಂದ ಕಳಿಸಿದವರ ಕೆಲಸವೂ ಅನುಮಾನಕ್ಕೆ ಸಿಕ್ಕಿತು. ಓದುವವರ ಸಮಯ ಹೀಗೆ ಖರ್ಚಾಗಿದ್ದಕ್ಕೆ ನನಗೆ ಈಗಲೂ ಬೇಸರ ಇದೆ.

ಉತ್ತರ ಬರಲಿಲ್ಲ ಅಂತ ಮರುದಿನವೇ ಮತ್ತೆ ಕಳಿಸಬೇಡಿ. ಕನಿಷ್ಠ ಒಂದು ವಾರ ಕಾಯಿರಿ. ಹೊಸ ಆವೃತ್ತಿ ಬಂದ ಮೇಲಿನ 2 ವಾರ ಮರ್ಜ್ ವಿಂಡೋ, ಅಂದರೆ ಮುಂದಿನ ಆವೃತ್ತಿಗೆ ಹೊಸ ಕೋಡ್ ಸೇರಿಸುವ ಸಮಯ, ಆಗ ಇನ್ನೂ ಜಾಸ್ತಿ ಕಾಯಬೇಕಾಗಬಹುದು.

ಕಾಯುವ ಆ ವಾರದಲ್ಲಿ ಬೇರೆಯವರ ಒಂದು ಪ್ಯಾಚ್ ಓದಿ. ಇದಕ್ಕೆ ಯಾರ ಅನುಮತಿಯೂ ಬೇಡ. ಪೂರ್ತಿ ರಿವ್ಯೂ ಮಾಡುವಷ್ಟು ಗೊತ್ತಿಲ್ಲ ಅನ್ನಿಸಿದರೆ, ನಿಮ್ಮ ಹತ್ತಿರ ಇರುವ ಹಾರ್ಡ್‌ವೇರ್‌ಗೆ ಸಂಬಂಧಿಸಿದ್ದನ್ನು ಆರಿಸಿ, ಬೂಟ್ ಮಾಡಿ ನೋಡಿ. ಯಾವ ಯಂತ್ರ, ಏನು ಮಾಡಿ ನೋಡಿದಿರಿ, ಏನಾಯಿತು ಅಂತ ಬರೆದು "ಟೆಸ್ಟೆಡ್-ಬೈ" ಕೊಡಿ. ಕೆಲಸ ಮಾಡದಿದ್ದರೆ ಕರ್ನಲ್ ಲಾಗ್ ಪೂರ್ತಿ ಕಳಿಸಿ.