ಪೊಟ್ಯಾಸಿಯಂ ಚಾನೆಲ್: ದೊಡ್ಡದಕ್ಕೆ ದಾರಿ, ಚಿಕ್ಕದಕ್ಕೆ ತಡೆ

ಎಲ್ಲರಿಗೂ ನಮಸ್ಕಾರ.

ಪೊಟ್ಯಾಸಿಯಂ ಅಯಾನಿನ ತ್ರಿಜ್ಯ 1.33 ಆಂಗ್‌ಸ್ಟ್ರಾಮ್, ಸೋಡಿಯಂನದು 0.95. ಅಯಾನು ಎಂದರೆ ವಿದ್ಯುದಾವೇಶ ಹೊತ್ತ ಪರಮಾಣು; ಆಂಗ್‌ಸ್ಟ್ರಾಮ್ ಎಂದರೆ ಮೀಟರಿನ ಸಾವಿರ ಕೋಟಿಯಲ್ಲೊಂದು ಭಾಗ. ಎರಡರ ಧನಾವೇಶವೂ ಒಂದೇ. ಆದರೂ ಕೋಶದ ಪೊರೆಯಲ್ಲಿರುವ ಪ್ರೋಟೀನ್ ದ್ವಾರವಾದ ಪೊಟ್ಯಾಸಿಯಂ ಚಾನೆಲ್ ದೊಡ್ಡದನ್ನು ಹಾಯಲು ಬಿಡುತ್ತದೆ, ಚಿಕ್ಕದನ್ನು ತಡೆಯುತ್ತದೆ. ಯಾವ ಜರಡಿಯೂ ಹೀಗೆ ಮಾಡದು. ಅದೂ ನಿಧಾನವಾಗಿ ಆರಿಸಿ ಅಲ್ಲ. ವೇಗದ ಚಾನೆಲ್‌ಗಳಲ್ಲಿ ಸೆಕೆಂಡಿಗೆ ಹತ್ತು ಕೋಟಿಯಷ್ಟು ಅಯಾನುಗಳು ದಾಟಬಲ್ಲವು.

ಇದರ ಗುಟ್ಟು ಕಣ್ಣಿಗೆ ಕಂಡದ್ದು 1998ರಲ್ಲಿ. ಅಮೆರಿಕದ ವಿಜ್ಞಾನಿ ರಾಡರಿಕ್ ಮೆಕಿನನ್ ಅವರ ತಂಡ ಸ್ಟ್ರೆಪ್ಟೊಮೈಸಿಸ್ ಲಿವಿಡಾನ್ಸ್ ಎಂಬ ಬ್ಯಾಕ್ಟೀರಿಯಾದ ಕೆಸಿಎಸ್‌ಎ ಚಾನೆಲ್ಲಿನ ರಚನೆಯನ್ನು ಕ್ಷ-ಕಿರಣಗಳಿಂದ ಬಿಡಿಸಿತು. 2003ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಅವರಿಗೆ ಪಾಲು ದೊರೆಯಿತು. ಒಂದೇ ಬಗೆಯ ನಾಲ್ಕು ಪ್ರೋಟೀನ್ ಘಟಕಗಳು ಸುತ್ತುವರಿದು ನಿಂತಿವೆ, ನಡುವೆ ರಂಧ್ರ. ರಂಧ್ರದ ಮಧ್ಯದಲ್ಲಿ ಸುಮಾರು 10 ಆಂಗ್‌ಸ್ಟ್ರಾಮ್ ಅಗಲದ, ನೀರು ತುಂಬಿದ ಕುಳಿ. ಅದರಿಂದಾಚೆ, ಕೋಶದ ಹೊರಮೈ ಕಡೆಗೆ, 12 ಆಂಗ್‌ಸ್ಟ್ರಾಮ್ ಉದ್ದದ ಕಿರಿದಾದ ಶೋಧಕ.

ಆಯ್ಕೆ ನಡೆಯುವುದು ಈ ಶೋಧಕದಲ್ಲೇ. ನೀರಿನಲ್ಲಿರುವ ಅಯಾನನ್ನು ನೀರಿನ ಅಣುಗಳು ಬಿಗಿಯಾಗಿ ಸುತ್ತಿರುತ್ತವೆ. ಅವನ್ನು ಕಳಚಲು ಶಕ್ತಿ ಬೇಕು, ಆ ನಷ್ಟವನ್ನು ಯಾರಾದರೂ ತುಂಬಿಕೊಡಬೇಕು. ಶೋಧಕದ ಗೋಡೆಯಲ್ಲಿ ಥ್ರಿಯೋನಿನ್, ವ್ಯಾಲಿನ್, ಗ್ಲೈಸಿನ್, ಟೈರೋಸಿನ್, ಗ್ಲೈಸಿನ್ ಎಂಬ ಅಮೈನೊ ಆಮ್ಲಗಳ, ಅಂದರೆ ಪ್ರೋಟೀನಿನ ಬಿಡಿ ಘಟಕಗಳ, ಸರಣಿಯಿದೆ. ಇವುಗಳ ಆಮ್ಲಜನಕ ಪರಮಾಣುಗಳು ಒಳಮುಖವಾಗಿ ನಿಂತು ಪೊಟ್ಯಾಸಿಯಂಗೆ ನೀರು ಕೊಡುತ್ತಿದ್ದ ಆಸರೆಯನ್ನೇ ಕೊಡುತ್ತವೆ. ಒಂದೊಂದು ನೆಲೆಯಲ್ಲೂ ಎಂಟು ಆಮ್ಲಜನಕಗಳು. ಚಿಕ್ಕ ಸೋಡಿಯಂಗೆ ಅವು ತಕ್ಕಂತೆ ಒದಗುವುದಿಲ್ಲ; ನೀರನ್ನು ಬಿಟ್ಟು ಬರುವುದು ಅದಕ್ಕೆ ನಷ್ಟದ ವ್ಯವಹಾರ. ಒಳಹೊಕ್ಕ ಪೊಟ್ಯಾಸಿಯಂ ಅಲ್ಲೇ ಅಂಟಿಕೊಂಡು ಕೂರಬೇಕಲ್ಲವೇ? ಇಲ್ಲ, ಸಾಲಿನಲ್ಲಿರುವ ಅಯಾನುಗಳ ಪರಸ್ಪರ ವಿಕರ್ಷಣೆ ಅದನ್ನು ಮುಂದಕ್ಕೆ ತಳ್ಳುತ್ತದೆ. ಇಡೀ ರಚನೆಯಲ್ಲಿ ನನ್ನನ್ನು ಅತಿ ಹೆಚ್ಚು ಬೆರಗುಗೊಳಿಸುವುದು ಇದೇ.

ಈ ಸರಣಿಯಲ್ಲಿ ಒಂದೇ ಒಂದು ಅಮೈನೊ ಆಮ್ಲ ತಪ್ಪಿದರೂ ಸಾಕು. ‘ವೀವರ್’ ಎಂಬ ಇಲಿ ತಳಿಯಲ್ಲಿ ಮೊದಲ ಗ್ಲೈಸಿನ್ ಜಾಗಕ್ಕೆ ಸೆರಿನ್ ಬಂದಿದೆ. ಆ ಚಾನೆಲ್ಲಿನೊಳಗೆ ಸೋಡಿಯಂ ನುಗ್ಗುತ್ತದೆ, ಕಿರುಮೆದುಳಿನ ನರಕೋಶಗಳು ಸಾಯುತ್ತವೆ, ಇಲಿ ತೂರಾಡುತ್ತದೆ.

ಅಯಾನುಗಳ ದಾರಿಯನ್ನು ತೆರೆದು ಮುಚ್ಚುವ ಕದವೂ ಚಾನೆಲ್ಲಿಗಿದೆ. ಅದು ತೆರೆಯುವ ಬಗೆ ಚಾನೆಲ್ಲಿನಿಂದ ಚಾನೆಲ್ಲಿಗೆ ಬೇರೆ. ಕೆಲವಕ್ಕೆ ಪೊರೆಯ ವೋಲ್ಟೇಜ್, ಕೆಲವಕ್ಕೆ ಕ್ಯಾಲ್ಸಿಯಂ. ಮೇದೋಜೀರಕದ ಬೀಟಾ ಕೋಶಗಳಲ್ಲಿ ಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಅಣು ಹೆಚ್ಚಿದರೆ ಕದ ಮುಚ್ಚಿ ಇನ್ಸುಲಿನ್ ಹೊರಬೀಳುತ್ತದೆ.

ವೈದ್ಯರು ಮುಖ್ಯವಾಗಿ ಗಮನಿಸಬೇಕಾದದ್ದು ಹೃದಯದ ಹರ್ಗ್ (hERG) ಎಂಬ ಪೊಟ್ಯಾಸಿಯಂ ಚಾನೆಲ್. ಪ್ರತಿ ಬಡಿತದ ಬಳಿಕ ಕೋಶದ ವೋಲ್ಟೇಜನ್ನು ಮತ್ತೆ ಸುಮಾರು -90 ಮಿಲಿವೋಲ್ಟ್‌ಗೆ ಇಳಿಸುವುದರಲ್ಲಿ ಇದರ ಪಾಲು ದೊಡ್ಡದು. ಇದರ ಒಳಕುಳಿಯಲ್ಲಿ ಹಲವು ಔಷಧಗಳು ಸಿಕ್ಕಿಕೊಳ್ಳುತ್ತವೆ. ಆಗ ಇಸಿಜಿಯಲ್ಲಿ ಕ್ಯೂಟಿ ಅವಧಿ, ಅಂದರೆ ಹೃದಯದ ಕೆಳಕೋಣೆಗಳು ವಿದ್ಯುತ್ತಾಗಿ ಉದ್ರೇಕಗೊಂಡು ಮತ್ತೆ ಮೊದಲ ಸ್ಥಿತಿಗೆ ಮರಳಲು ಹಿಡಿಯುವ ಸಮಯ, ಹಿಗ್ಗಿ, ಮಾರಕ ಲಯದೋಷ ಬರಬಹುದು. ಕೋಶದೊಳಗೆ ಪೊಟ್ಯಾಸಿಯಂ ಲೀಟರಿಗೆ ಸುಮಾರು 140 ಮಿಲಿಮೋಲ್, ಹೊರಗೆ 4. ಹೊರಗಿನದು 3ಕ್ಕಿಂತ ಇಳಿದರೆ ಹೊರಹರಿವು ಹೆಚ್ಚಬೇಕೆಂದು ತೋರುತ್ತದೆ. ಹರ್ಗ್‌ನಲ್ಲಿ ಆಗುವುದು ಉಲ್ಟಾ: ಶೋಧಕ ಬೇಗ ನಿಷ್ಕ್ರಿಯಗೊಂಡು ಪ್ರವಾಹ ಕುಗ್ಗುತ್ತದೆ. ಆದ್ದರಿಂದ ಕ್ಯೂಟಿ ಹಿಗ್ಗಿಸುವ ಔಷಧ ಬರೆಯುವ ಮೊದಲೇ ಇಸಿಜಿ ಜೊತೆಗೆ ರಕ್ತದ ಪೊಟ್ಯಾಸಿಯಂ, ಮೆಗ್ನೀಸಿಯಂ ನೋಡಿ, ಕೊರತೆಯಿದ್ದರೆ ಸರಿಪಡಿಸಬೇಕು.