ಗನ್ ಕೆಟ್ಟಿಲ್ಲ, ಟಿವಿ ಬದಲಾಗಿದೆ: ಅಟ್ಟದ ಮೇಲಿನ ವಿಡಿಯೋ ಗೇಮ್‌ಗೆ ಬೆಲೆ ಎಷ್ಟು?

[ಮೇಜಿನ ಮೇಲೆ ಹಳೇ ಗೇಮ್ ಸೆಟ್, ಎರಡು ರಿಮೋಟ್, ಒಂದು ಗನ್]

ನಮಸ್ಕಾರ. ಹೋದ ತಿಂಗಳು ತಿಪಟೂರಿನಿಂದ ಒಬ್ಬ ತಂಗಿ ಒಂದು ಫೋಟೋ ಕಳಿಸಿದ್ದರು. "ಅಣ್ಣ, ಅಟ್ಟದಿಂದ ಕೊಬ್ಬರಿ ಕಾಯಿ ಇಳಿಸುವಾಗ ಅಪ್ಪನ ವಿಡಿಯೋ ಗೇಮ್ ಸಿಕ್ಕಿದೆ. ಗನ್ ಕೂಡ ಇದೆ. ಯಾವುದೋ ಹಳೇ ಮಾರಿಯೋ ಕೋಟಿಗಟ್ಟಲೆಗೆ ಮಾರಾಟ ಆಯ್ತಂತೆ. ಇದಕ್ಕೆ ಎಷ್ಟು ಬರಬಹುದು?"

ತುಮಕೂರಿಂದ ತಿಪಟೂರು ಎಷ್ಟು ದೂರ ಹೇಳಿ. ಬಸ್ ಹತ್ತಿ ಹೋಗಿಯೇ ಬಿಟ್ಟೆ.

ಮೊದಲು ಆ ಕೋಟಿಯ ಮಾತು ಮುಗಿಸೋಣ. ಅದು ನಿಜ. 2021ರ ಜುಲೈನಲ್ಲಿ ಅಮೆರಿಕದ ಹೆರಿಟೇಜ್ ಆಕ್ಷನ್ಸ್ ಹರಾಜಿನಲ್ಲಿ 'ಸೂಪರ್ ಮಾರಿಯೋ 64' ಗೇಮ್‌ನ ಒಂದು ಪ್ರತಿ 15.6 ಲಕ್ಷ ಡಾಲರ್‌ಗೆ ಹೋಯಿತು. ಆಗಿನ ಲೆಕ್ಕದಲ್ಲಿ 11 ಕೋಟಿ ರೂಪಾಯಿಗೂ ಮೇಲೆ. ಆದರೆ ಅದು 1996ರ ಗೇಮ್, ಡಬ್ಬಿಯ ಸೀಲ್ ಕೂಡ ಒಡೆದಿರಲಿಲ್ಲ. ಯಾರೂ ಆಡದೆ ಇದ್ದಿದ್ದಕ್ಕೇ ಅಷ್ಟು ಬೆಲೆ. ನಮ್ಮ ಮನೆಗಳಲ್ಲಿ ಬೇಸಿಗೆ ರಜೆಯಲ್ಲಿ ಬೆಳಗ್ಗೆಯಿಂದ ಸಂಜೆವರೆಗೆ ಒತ್ತಿ ಒತ್ತಿ ಬಟನ್ ಸವೆದ ಸೆಟ್‌ಗೂ ಅದಕ್ಕೂ ಹೋಲಿಕೆ ಇಲ್ಲ.

ತಿಪಟೂರಿನ ಸೆಟ್ ಏನು ಅನ್ನೋದು ನೋಡಿದ ತಕ್ಷಣ ಗೊತ್ತಾಯಿತು. ನಿಂಟೆಂಡೋ ಕಂಪನಿ 1983ರಲ್ಲಿ ಜಪಾನ್‌ನಲ್ಲಿ ಫ್ಯಾಮಿಕಾಮ್ ಅಂತ ಒಂದು ಕನ್ಸೋಲ್, ಅಂದರೆ ಟಿವಿಗೆ ಹಾಕಿ ಆಡುವ ಗೇಮ್ ಸೆಟ್, ತಂದಿತು. ಅದರ ಕಾಪಿಗಳು ಲೆಕ್ಕವಿಲ್ಲದಷ್ಟು ಬಂದವು. ನಮ್ಮ ಊರುಗಳಿಗೆ ಬಂದಿದ್ದು ಬಹುಪಾಲು ಆ ಕಾಪಿಗಳೇ. 'ಮೀಡಿಯಾ' ಅನ್ನೋ ಹೆಸರಿನ ಕಾಪಿ ಸೆಟ್ ನೆನಪಿದೆ ಅಲ್ವಾ? ಜೊತೆಗೆ '9999999 ಇನ್ 1' ಅಂತ ಬರೆದ ಕ್ಯಾಸೆಟ್?

[ಕ್ಯಾಸೆಟ್ ಬಿಚ್ಚುವ ದೃಶ್ಯ, ಹತ್ತಿರದಿಂದ]

ಕಾಪಿ ಅಂತ ಹೇಗೆ ಗೊತ್ತಾಗುತ್ತದೆ? ಇಲ್ಲಿ ನೋಡಿ. ಹಿಂದಿನ ಸ್ಕ್ರೂ ತೆಗೆದೆ. ಒಳಗೆ ಅಂಗೈಗಿಂತ ಚಿಕ್ಕ ಬೋರ್ಡ್. ಕೆಳಗಡೆ 60 ಪಿನ್. ನಡುವೆ ಒಂದು ಕರಿ ಬೊಟ್ಟು, ಡಾಂಬರು ತೊಟ್ಟಿಕ್ಕಿದ ಹಾಗೆ. ಗೇಮ್ ಇರೋ ಚಿಪ್ ಆ ಬೊಟ್ಟಿನ ಕೆಳಗೆ ಕೂತಿದೆ. ನಿಂಟೆಂಡೋದ ಹಳೇ ಕ್ಯಾಸೆಟ್ ಬಿಚ್ಚಿದರೆ ಸಾಮಾನ್ಯವಾಗಿ ಕಾಲುಗಳಿರುವ ಉದ್ದನೆಯ ಚಿಪ್ ಕಾಣುತ್ತದೆ, ಮೇಲೆ ಅಚ್ಚು ಇರುತ್ತದೆ. ಕೊಳ್ಳುವ ಮುಂಚೆ ಈ ಒಳಗಿನ ಫೋಟೋ ಕೇಳಿ. ಮಾರುವವರಾದರೆ ನೀವೇ ಕೊಡಿ. ಇಂಥ ಕಾಪಿ ಕ್ಯಾಸೆಟ್‌ನ 'ಒರಿಜಿನಲ್ ನಿಂಟೆಂಡೋ' ಅಂತ ಮಾರೋದು ಮೋಸ. ಗೊತ್ತಿಲ್ಲದೆ ಮಾರಿದರೆ ತಪ್ಪು, ಗೊತ್ತಿದ್ದೂ ಮಾರಿದರೆ ಕಳ್ಳತನಕ್ಕೆ ಸಮ. ಇದರಲ್ಲಿ ನನಗೆ ಎರಡು ಮಾತಿಲ್ಲ.

ಕಾಪಿ ಅಂದ ಮಾತ್ರಕ್ಕೆ ಕಸ ಅಲ್ಲ. ಡಬ್ಬಿ, ಗನ್, ಎರಡೂ ರಿಮೋಟ್, ಅಡಾಪ್ಟರ್ ಎಲ್ಲ ಸೇರಿ ಇದ್ದರೆ ಹುಡುಕಿಕೊಂಡು ಬರುವವರು ಇದ್ದಾರೆ. ಇಂಥದ್ದೇ ಒಂದು ಸೆಟ್‌ನ ಎರಡು ವರ್ಷದ ಹಿಂದೆ 1,800 ರೂಪಾಯಿಗೆ ಮೈಸೂರಿನ ಒಬ್ಬರಿಗೆ ಮಾರಿದ್ದೆ. ಈ ವಿಡಿಯೋ ಮಾಡೋದಕ್ಕೆ ನಿಜವಾದ ಕಾರಣ ಆ ಸೆಟ್.

ಪಾರ್ಸೆಲ್ ತಲುಪಿದ ಮಾರನೇ ದಿನವೇ ಅವರ ಫೋನ್. "ಮಾರಿಯೋ ಓಡುತ್ತೆ, ಕಾಂಟ್ರಾ ಓಡುತ್ತೆ. ಬಾತುಕೋಳಿ ಮಾತ್ರ ಸಾಯ್ತಾ ಇಲ್ಲ. ಗನ್ ಕೆಟ್ಟಿದೆ." ಗನ್‌ನಿಂದ ಬಾತುಕೋಳಿ ಹೊಡೆಯುವ 'ಡಕ್ ಹಂಟ್' ಆಟದ ಮಾತು ಅದು. ವಾಪಸ್ ತರಿಸಿದೆ. ಗನ್ ಬಿಚ್ಚಿದೆ. ಲೆನ್ಸ್ ಒರೆಸಿದೆ, ಸಡಿಲವಾಗಿದ್ದ ವೈರ್‌ಗೆ ಸೋಲ್ಡರ್ ಹಾಕಿದೆ. ನಮ್ಮ ಮನೆ ಟಿವಿಗೆ ಹಾಕಿ ನೋಡಿದರೆ ಇಲ್ಲೂ ಅದೇ ಕಥೆ. ಪರದೆಗೆ ತಾಗಿಸಿ ಹೊಡೆದರೂ ಬಾತುಕೋಳಿ ಹಾರಿ ಹೋಗುತ್ತದೆ. ಕೊನೆಗೆ ಅವರ ದುಡ್ಡು ಅವರಿಗೆ ವಾಪಸ್ ಮಾಡಿದೆ.

ಆಮೇಲೆ ಗನ್ ಹಿಡಿದುಕೊಂಡು ತುಮಕೂರಿನ ಚಿಕ್ಕಪೇಟೆ ಕಡೆ ಒಬ್ಬ ಹಳೇ ಟಿವಿ ಮೆಕ್ಯಾನಿಕ್ ಹತ್ತಿರ ಹೋದೆ. ವಯಸ್ಸಾದವರು. ಗನ್ ತಿರುಗಿಸಿ ನೋಡಿ ಕೇಳಿದರು: "ಯಾವ ಟಿವಿಗೆ ಹಾಕಿ ನೋಡ್ದೆ?"

"ಎಲ್‌ಇಡಿ ಟಿವಿಗೆ."

"ಮತ್ತೆ ಗನ್ ಯಾಕಪ್ಪಾ ಬಿಚ್ಚಿದೆ?"

ಮೂಲೆಯಲ್ಲಿದ್ದ 14 ಇಂಚಿನ ಡಬ್ಬಾ ಟಿವಿ ಎತ್ತಿ ಮೇಜಿನ ಮೇಲೆ ಇಟ್ಟರು. ವೈರ್ ಹಾಕಿ, ಚಾನೆಲ್ ಟ್ಯೂನ್ ಮಾಡಿದರು. ಮೊದಲನೇ ಏಟಿಗೇ ಬಾತುಕೋಳಿ ಬಿತ್ತು!

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಇದು ನನಗೆ ತುಂಬಾ ಇಷ್ಟವಾದ ವಿಷಯ.

[ಡಬ್ಬಾ ಟಿವಿ, ಫೋನ್‌ನಲ್ಲಿ ತೆಗೆದ ಸ್ಲೋ ಮೋಷನ್ ದೃಶ್ಯ]

ಚಿಕ್ಕವರಿದ್ದಾಗ ಗನ್‌ನಿಂದ ಏನೋ ಹೊರಟು ಟಿವಿಗೆ ಬಡಿಯುತ್ತದೆ ಅಂದುಕೊಂಡಿದ್ದೆವು. ಗನ್‌ನಿಂದ ಏನೂ ಹೊರಡೋದಿಲ್ಲ. ಅದರ ನಳಿಗೆಯೊಳಗೆ ಒಂದು ಲೆನ್ಸ್, ಅದರ ಹಿಂದೆ ಬೆಳಕು ಗುರುತಿಸುವ ಒಂದು ಪುಟ್ಟ ಭಾಗ. ಅಂದರೆ ಅದು ಕಣ್ಣು. ಹೊಡೆಯುವುದು ಟಿವಿ, ನೋಡುವುದು ಗನ್.

ಟ್ರಿಗರ್ ಒತ್ತಿದ ಕೂಡಲೇ ಇಡೀ ಪರದೆ ಒಂದು ಕ್ಷಣ ಕಪ್ಪಾಗುತ್ತದೆ. ಮುಂದಿನ ಕ್ಷಣ ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಒಂದು ಬಿಳಿ ಚೌಕ. ಸ್ಲೋ ಮೋಷನ್‌ನಲ್ಲಿ ನೋಡಿ... ಕಪ್ಪು... ಬಿಳಿ ಚೌಕ... ಮತ್ತೆ ಆಟ. ಎರಡು ಬಾತುಕೋಳಿ ಇದ್ದರೆ ಒಂದಾದ ಮೇಲೆ ಒಂದು ಚೌಕ. ಯಾವ ಚೌಕ ಬಂದಾಗ ಗನ್‌ಗೆ ಬೆಳಕು ಕಂಡಿತೋ ಆ ಹಕ್ಕಿ ಸತ್ತಿತು. ಮೊದಲು ಕಪ್ಪು ಯಾಕೆ? ಯಾರಾದರೂ ಗನ್‌ನ ಬೇರೆ ಬೆಳಕಿನ ಕಡೆ ಹಿಡಿದು ಮೋಸ ಮಾಡಲು ನೋಡಿದರೆ ಪರದೆ ಕಪ್ಪಾಗಿದ್ದಾಗಲೂ ಗನ್‌ಗೆ ಬೆಳಕು ಕಾಣಬಹುದು. ಆಗ ಗೇಮ್ ಆ ಏಟನ್ನ ಲೆಕ್ಕಕ್ಕೆ ತೆಗೆದುಕೊಳ್ಳೋದಿಲ್ಲ. 1984ರ ಗೇಮ್‌ನಲ್ಲಿ ಇಷ್ಟು ಯೋಚನೆ ಮಾಡಿದ್ದಾರೆ ನೋಡಿ.

ಹಾಗಾದರೆ ಎಲ್‌ಇಡಿ ಟಿವಿಯಲ್ಲಿ ಏನಾಯಿತು? ದೀಪಾವಳಿಗೆ ಸುರ್‌ಸುರ್ ಬತ್ತಿ ಹಚ್ಚಿ ಕತ್ತಲಲ್ಲಿ ಗಿರ್ರಂತ ತಿರುಗಿಸುತ್ತೀವಲ್ಲ, ಒಂದು ಇಡೀ ಚಕ್ರ ಕಾಣುತ್ತದೆ. ನಿಜವಾಗಿ ಉರಿಯುತ್ತಿರೋದು ಒಂದೇ ಚುಕ್ಕೆ. ಡಬ್ಬಾ ಟಿವಿಯ ಚಿತ್ರವೂ ಹಾಗೇ. ಪಿಕ್ಚರ್ ಟ್ಯೂಬ್ ಒಳಗಿನ ಎಲೆಕ್ಟ್ರಾನ್ ಕಿರಣ ಒಂದೊಂದೇ ಗೆರೆ ಎಳೆಯುತ್ತಾ ಕೆಳಗೆ ಬರುತ್ತದೆ. ನಮ್ಮ ದೇಶದ ಹಳೇ ಟಿವಿಯಲ್ಲಿ ಚಿತ್ರಕ್ಕೆ 625 ಗೆರೆ, ಸೆಕೆಂಡಿಗೆ 25 ಚಿತ್ರ. ಗುಣಿಸಿ, ಸೆಕೆಂಡಿಗೆ 15,625 ಗೆರೆ. ಅಷ್ಟು ಬೇಗ ಮಿಣುಕುವ ಬೆಳಕು ಬಂದರೆ ಮಾತ್ರ ಗುರುತಿಸಬೇಕು ಅಂತ ಗನ್ ಒಳಗಿನ ಸರ್ಕ್ಯೂಟ್ ಮಾಡಿದ್ದಾರೆ. ಎಲ್‌ಇಡಿ ಟಿವಿಯಲ್ಲಿ ಆ ಕಿರಣವೇ ಇಲ್ಲ. ಹಿಂದೆ ದೀಪ ಉರಿಯುತ್ತಲೇ ಇರುತ್ತದೆ. ಆ ಬೆಳಕು ಗನ್‌ಗೆ ಗುರುತೇ ಸಿಗೋದಿಲ್ಲ.

ಇನ್ನೊಂದು ತೊಂದರೆ ಇದೆ. ಹೊಸ ಟಿವಿ ಬಂದ ಚಿತ್ರವನ್ನ ಒಂದಿಷ್ಟು ತಿದ್ದಿ ತೀಡಿ ಆಮೇಲೆ ತೋರಿಸುತ್ತದೆ. ಗೇಮ್ ಬಿಳಿ ಚೌಕಕ್ಕೆ ಕಾಯೋದು ಸೆಕೆಂಡಿನ 50ನೇ ಒಂದು ಭಾಗ. ಟಿವಿ ಚೌಕ ತೋರಿಸುವಷ್ಟರಲ್ಲಿ ಗೇಮ್ "ತಪ್ಪಿತು" ಅಂತ ತೀರ್ಪು ಕೊಟ್ಟು ಆಗಿರುತ್ತದೆ. ಗನ್ ಎಷ್ಟು ಚೆನ್ನಾಗಿದ್ದರೂ ಪ್ರಯೋಜನ ಇಲ್ಲ.

ಈಗ ಬೆಲೆಯ ಪ್ರಶ್ನೆಗೆ ಬನ್ನಿ. ನನ್ನ ಪ್ರಕಾರ ಈ ಹವ್ಯಾಸದಲ್ಲಿ ಇವತ್ತು ಕೂಡಿಡಬೇಕಾದ ವಸ್ತು ಕನ್ಸೋಲ್ ಅಲ್ಲ, ಡಬ್ಬಾ ಟಿವಿ. ಕನ್ಸೋಲ್ ಚಿಕ್ಕದು, ಅಟ್ಟದ ಮೇಲೆ ಹೇಗೋ ಉಳಿಯಿತು. ಟಿವಿ ದೊಡ್ಡದು, ಭಾರ, ಎಲ್ಲರೂ ಗುಜರಿಗೆ ಹಾಕಿದರು. ಮಂಡಿಪೇಟೆ ಹತ್ತಿರ ಒಂದು ಗುಜರಿಯಲ್ಲಿ ಕೇಳಿದೆ. ತಾಮ್ರದ ವೈರ್‌ಗೋಸ್ಕರ ಒಡೆದು ಹಾಕ್ತೀವಿ ಅಂದರು. ನನ್ನ ಕಣ್ಣೆದುರೇ ಮೂರು ಪಿಕ್ಚರ್ ಟ್ಯೂಬ್ ಒಡೆದು ಬಿದ್ದಿದ್ದವು. ಹೊಟ್ಟೆ ಉರಿಯಿತು. ಸರಿಯಾಗಿದ್ದ ಒಂದನ್ನ 250 ರೂಪಾಯಿಗೆ ತಂದೆ. ನಿಮ್ಮ ಮನೆಯಲ್ಲಿ ಇದ್ದರೆ ದಯವಿಟ್ಟು ಹಾಕಬೇಡಿ. ಒಂದು ಎಚ್ಚರಿಕೆ: ಹಿಂದಿನ ಮುಚ್ಚಳ ನೀವೇ ಬಿಚ್ಚಬೇಡಿ. ಕಲರ್ ಟ್ಯೂಬ್‌ನಲ್ಲಿ 20,000 ವೋಲ್ಟ್‌ಗೂ ಮೇಲೆ ಓಡುತ್ತದೆ, ಸ್ವಿಚ್ ತೆಗೆದ ಮೇಲೂ ಒಳಗೆ ಉಳಿದಿರುತ್ತದೆ. ಗೊತ್ತಿರುವವರ ಕೈಗೆ ಕೊಡಿ.

ವಿಡಿಯೋ ಉದ್ದ ಆಗ್ತಾ ಇದೆ, ಉಳಿದಿದ್ದು ಬೇಗ ಹೇಳುತ್ತೇನೆ. ಮನೆಯಲ್ಲಿ ಸಿಕ್ಕ ಯಾವುದೋ ಅಡಾಪ್ಟರ್ ಚುಚ್ಚಬೇಡಿ. ಇಂಥ ಸೆಟ್‌ಗಳಲ್ಲಿ ಪಿನ್‌ನ ನಡುವೆ ನೆಗೆಟಿವ್ ಬರೋದು ಜಾಸ್ತಿ, ಉಲ್ಟಾ ಆದರೆ ಬೋರ್ಡ್ ಸುಡಬಹುದು. ಸೆಟ್ ಮೇಲೂ ಅಡಾಪ್ಟರ್ ಮೇಲೂ ಬರೆದಿರೋ ಗುರುತು ನೋಡಿ. ಕ್ಯಾಸೆಟ್‌ಗೆ ಬಾಯಿಂದ ಊದಬೇಡಿ. ತೆಗೆದು ಮತ್ತೆ ಹಾಕಿದ್ದಕ್ಕೇ ಅದು ಓಡುತ್ತಿತ್ತು, ಊದಿದ್ದಕ್ಕಲ್ಲ. ಉಸಿರಿನ ತೇವ ಪಿನ್‌ಗೆ ಕೆಟ್ಟದ್ದು. ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಲ್ಲಿ ಒರೆಸಿ. ಕೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್‌ನ ಹಳೇ ಪೋಕೆಮಾನ್ ಕ್ಯಾಸೆಟ್ ಕೊಳ್ಳುವವರು ಸೇವ್ ಆಗುತ್ತದಾ ಕೇಳಿ, ಒಳಗೆ ಒಂದು ಬಟನ್ ಸೆಲ್ ಇರುತ್ತದೆ, ಅದು ಮುಗಿದರೆ ಆಟ ಉಳಿಯಲ್ಲ.

ಪ್ಲೇಸ್ಟೇಷನ್ 2 ಬಗ್ಗೆ ತುಂಬಾ ಜನ ಕೇಳಿದ್ದೀರಿ. ಪ್ರಪಂಚದಲ್ಲಿ 15 ಕೋಟಿಗೂ ಹೆಚ್ಚು ಮಾರಾಟ ಆಗಿದೆ, ಅಪರೂಪದ್ದಲ್ಲ. ಆದರೆ ಅದಕ್ಕೆ ನಮ್ಮ ದೇಶದಲ್ಲೇ ಮಾಡಿದ ಗೇಮ್‌ಗಳ ಡಿಸ್ಕ್ ಸಿಕ್ಕರೆ ಬಿಡಬೇಡಿ. 2009ರ 'ಹನುಮಾನ್: ಬಾಯ್ ವಾರಿಯರ್' ಹೈದರಾಬಾದಿನಲ್ಲಿ ತಯಾರಾಗಿದ್ದು. ಮ್ಯಾನುಯಲ್ ಸಮೇತ ಇದ್ದರೆ ಇನ್ನೂ ಒಳ್ಳೆಯದು.

[ತಿಪಟೂರಿನ ಮನೆ, ಹಜಾರ]

ಹೋದ ಭಾನುವಾರ ಆ 250 ರೂಪಾಯಿ ಟಿವಿ ತೊಡೆ ಮೇಲೆ ಇಟ್ಟುಕೊಂಡು ಮತ್ತೆ ತಿಪಟೂರಿಗೆ ಹೋದೆ. ಸೆಟ್ ಹಾಕಿದೆವು. ಅಟ್ಟ ಒಣಗಿದ್ದರಿಂದ ಪಿನ್‌ಗೆ ತುಕ್ಕು ಹಿಡಿದಿರಲಿಲ್ಲ, ಅಡಾಪ್ಟರ್ ವೈರ್ ಮಾತ್ರ ಇಲಿ ಕಡಿದಿತ್ತು, ಬದಲಾಯಿಸಿದೆ. ತಂಗಿ ಗನ್ ಹಿಡಿದರು. ಮೊದಲ ಬಾತುಕೋಳಿ ಬಿತ್ತು, ಎರಡನೆಯದೂ ಬಿತ್ತು. ಮೂರನೆಯದು ಮಾತ್ರ ವಿಚಿತ್ರವಾಗಿ ಹಾರತೊಡಗಿತು. ಸರಕ್ಕನೆ ಎಡಕ್ಕೆ, ಅಲ್ಲಿಂದ ಮೇಲಕ್ಕೆ. ಮೂರು ಗುಂಡೂ ತಪ್ಪಿತು.

ತಿರುಗಿ ನೋಡಿದರೆ ಹಿಂದೆ ಅವರ ಅಪ್ಪ ಕೂತಿದ್ದಾರೆ, ಕೈಯಲ್ಲಿ ಮೊದಲನೇ ರಿಮೋಟ್. ಈ ಆಟದಲ್ಲಿ ಒಬ್ಬರು ಗನ್ ಹಿಡಿದಿದ್ದರೆ ಇನ್ನೊಬ್ಬರು ರಿಮೋಟ್‌ನಿಂದ ಬಾತುಕೋಳಿ ಹಾರಿಸಬಹುದು ಅನ್ನೋದು ಅವರಿಗೆ ಅಷ್ಟು ವರ್ಷ ಆದರೂ ಮರೆತಿರಲಿಲ್ಲ. ಅವರು, ಅವರ ತಮ್ಮ ಹೀಗೇ ಆಡುತ್ತಿದ್ದರಂತೆ.

ಬೆಲೆ ಎಷ್ಟು ಅಂತ ಆ ದಿನ ಯಾರೂ ಕೇಳಲಿಲ್ಲ. ಟಿವಿ ಅಲ್ಲೇ ಬಿಟ್ಟು ಬಂದೆ.